ಇನ್ನೊಂದು ಪೆಂಟೆ ಬೆಲ್ಲ

"ಅದನ್ನ ಮುಟ್ಟಬ್ಯಾಡ್ರಿ!"

ಹಿಂದಿನಿಂದ ಬಂದ ಗಂಡಸಿನ ದನಿಗೆ ಕೇತಕಿಯ ಕೈ ಅರ್ಧಕ್ಕೇ ನಿಂತಿತು.

ಕೊಲ್ಹಾಪುರದ ಆ ಹಳೆಯ ತಾಲೀಮಿನ, ಅಂದರೆ ಗರಡಿಮನೆಯ, ಮಹಡಿ ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಕೆಳಗೆ ಕುಸ್ತಿಯ ಕೆಂಪು ಮಣ್ಣಿನ ಅಖಾಡ, ಮೇಲೆ ಬಾರ್, ಪ್ಲೇಟು, ಡಂಬೆಲ್ಲುಗಳ ಹಾಲ್. ಮಧ್ಯಾಹ್ನ ಅಲ್ಲಿ ಹೆಂಗಸರಿಗಷ್ಟೇ ಪ್ರವೇಶ. ಎಲ್ಲ ಸರಿಯಾಗಿಯೇ ಇತ್ತು. ಆದರೆ ಮೂಲೆಯಲ್ಲಿದ್ದ ತೂಕದ ಕಾಟಾವನ್ನು ಮಾತ್ರ ಯಾರೋ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು.

ಯಾಕೆ? ಅದೇನು ತಪ್ಪು ಮಾಡಿತ್ತು?

ಅದನ್ನು ಈ ಕಡೆ ತಿರುಗಿಸಲು ಹೋಗಿಯೇ ಬೈಸಿಕೊಂಡಿದ್ದಳು.

"ಕಾಟಾ ಮುಟ್ಟಬ್ಯಾಡ ಅಂತ ನನಗ ಹೇಳ್ತೀರಿ?" ಕೇತಕಿ ಗಿರ್ರನೆ ತಿರುಗಿದಳು. "ನಾವು ಬೆಲ್ಲದ ಪೇಟಿಯವ್ರು. ಚೌಗುಲೆ ಮನೆತನ. ಮೂರು ತಲಿಮಾರು ತಕ್ಕಡಿ ಮ್ಯಾಲ ಬದುಕಿದ್ದೀವಿ. ತಕ್ಕಡಿಗೆ ಇಂಥಾ ಅವಮಾನ ನಾ ಎಲ್ಲೂ ನೋಡಿಲ್ಲ!"

ಎರಡೂ ಕೈಯಲ್ಲಿ ಕಬ್ಬಿಣದ ಪ್ಲೇಟು ಹಿಡಿದು ನಿಂತವನು ಧೈರ್ಯಶೀಲ. ತಾಲೀಮಿನಲ್ಲಿ ಕುಸ್ತಿ ಕಲಿಸುತ್ತಿದ್ದ ಹಳೆಯ ವಸ್ತಾದರ ಮೊಮ್ಮಗ, ಈಗ ಈ ಹಾಲಿಗೆ ಅವನೇ ವಸ್ತಾದ. ಹುಡುಗನಿದ್ದಾಗಿನ ಕುಸ್ತಿಯಲ್ಲಿ ಮುದುಡಿಹೋದ ಎಡಗಿವಿ. ಮುಖದಲ್ಲಿ ಸಿಟ್ಟಿಲ್ಲ, ನಗುವೂ ಇಲ್ಲ.

"ಅವಮಾನ ಅಲ್ರಿ, ವಿಶ್ರಾಂತಿ. ಅದು ಭಾಳ ಮಾತಾಡ್ತೈತಿ."

"ನಂಗ ಅದರ ಮಾತ ಬೇಕು. ಈಗ ಅರವತ್ನಾಲ್ಕು ಕಿಲೋ ಅದೀನಿ. ದೀಪಾವಳಿಯೊಳಗ ಅರವತ್ತಕ್ಕ ಬರಬೇಕು. ಅಷ್ಟ!"

"ನಾಲ್ಕು ಕಿಲೋ... ಏನು?"

"ಏನು ಅಂದ್ರ?"

"ನಾಲ್ಕು ಕಿಲೋ ಬೊಜ್ಜು ಹೋಗ್ಬೇಕೋ, ನಾಲ್ಕು ಕಿಲೋ ಬಲ ಹೋಗ್ಬೇಕೋ? ಕಾಟಾಕ್ಕ ಎರಡೂ ಒಂದ."

ಎಂಥಾ ಪ್ರಶ್ನೆ ಇದು! ಕೇತಕಿ ಕಣ್ಣು ಕಿರಿದು ಮಾಡಿ ನೋಡಿದಳು. ತಮಾಷೆ ಮಾಡುತ್ತಿದ್ದಾನೋ?

"ಬೊಜ್ಜು ಇಳಿಸೋಣು, ಅದರ ಜಾಗದಾಗ ಮಾಂಸಖಂಡ ಕಟ್ಟೋಣು. ಎರಡೂ ಕೂಡೇ ಆಗ್ತಾವ. ಆದ್ರ ಸಾವಕಾಶ. ನಾ ಹೇಳೂತನಕ ಕಾಟಾ ಹತ್ತಂಗಿಲ್ಲ ಅಂತ ಆಣಿ ಮಾಡಿದ್ರ ನಾಳಿಂದ ಬರ್ರಿ."

ಇಷ್ಟೂ ಮಾತಿನಲ್ಲಿ ಕೇತಕಿಗೆ ಕೇಳಿಸಿದ್ದು 'ಬೊಜ್ಜು ಇಳಿಸೋಣು' ಎಂಬುದು ಮತ್ತು ಆಣೆಯ ಮಾತು ಮಾತ್ರ. ಮುಂದಿನ ರಾದ್ಧಾಂತವೆಲ್ಲ ಶುರುವಾದದ್ದು ಅಲ್ಲಿಂದಲೇ.

"ಬೆಲ್ಲದ ಆಣಿ!" ಎಂದಳು.

ಬೆಲ್ಲದ ಪೇಟೆಯವರು ಆ ಆಣೆ ಮಾಡಿದರೆ ಮುರಿಯುವುದಿಲ್ಲ.

*

ನಾಲ್ಕು ಕಿಲೋಗೆ ಇಷ್ಟೊಂದು ಹಟ ಯಾಕೆ ಅಂತೀರಾ?

ಚೌಗುಲೆಯವರ ಮನೆಯಲ್ಲಿ ತುಲಾ ಎಂಬ ಒಂದು ಪದ್ಧತಿ. ಹುಡುಗಿಯ ನಿಶ್ಚಿತಾರ್ಥದ ದಿನ ಅವಳನ್ನು ಮನೆದೇವರ ಮುಂದೆ ದೊಡ್ಡ ತಕ್ಕಡಿಯಲ್ಲಿ ಕೂರಿಸುತ್ತಾರೆ. ಇನ್ನೊಂದು ತಟ್ಟೆಯಲ್ಲಿ ಬೆಲ್ಲದ ಪೆಂಟೆಗಳು, ಅಂದರೆ ದೊಡ್ಡ ಅಚ್ಚುಗಳು. ಒಂದೊಂದು ಪೆಂಟೆ ಹತ್ತು ಕಿಲೋ. ಹುಡುಗಿ ಕೂತ ತಟ್ಟೆ ಮೇಲೇಳುವ ತನಕ ಪೆಂಟೆ ಇಡುತ್ತಲೇ ಹೋಗಬೇಕು. ಆ ಬೆಲ್ಲವನ್ನು ಎರಡೂ ಕಡೆಯ ಬೀಗರಿಗೆ ಹಂಚಿದರೆ ಸಂಬಂಧ ಸಿಹಿಯಾಗಿರುತ್ತದೆ ಎಂದು ನಂಬಿಕೆ.

ಹಿಂದೆ ಕರಾಡದ ಒಂದು ಸಂಬಂಧ ಕೂಡಿಬಂದಿತ್ತು. ಕೇತಕಿ ಹಸಿರು ಪೈಠಣಿ ಉಟ್ಟು ತಕ್ಕಡಿಯಲ್ಲಿ ಕೂತಳು. ಆರು ಪೆಂಟೆ ಇಟ್ಟರೂ ತಟ್ಟೆ ಏಳಲಿಲ್ಲ. ಆಗ ಹುಡುಗನ ಮಾವಶಿ, ತಾಯಿಯ ತಂಗಿ, ಗಟ್ಟಿಯಾಗಿ ಕೂಗಿದರು.

"ಇನ್ನೊಂದು ಪೆಂಟಿ ತರ್ರಿ! ಹುಡುಗಿ ಕೊಡಾಕತ್ತಾರೋ, ಗೋಡೌನು ಕೊಡಾಕತ್ತಾರೋ!"

ಮನೆಯೆಲ್ಲ ನಕ್ಕಿತು. ಮಾವಶಿ ನಕ್ಕರೆ ನಗಲಿ... ಆದರೆ ಆ ಹುಡುಗನೂ ನಕ್ಕ! ಅವಳ ಕಣ್ಣನ್ನೇ ನೋಡುತ್ತಾ ನಕ್ಕ.

ಕೇತಕಿ ತಟ್ಟೆಯಿಂದ ಇಳಿದು ಒಳಗೆ ಹೋದವಳು ಹೊರಗೆ ಬರಲಿಲ್ಲ. ಸಂಬಂಧ ಅಲ್ಲಿಗೇ ಮುರಿಯಿತು. ಬೇಡ ಅಂದವಳು ಅವಳೇ, ಆದರೂ ಆ ನಗು ಅವಳ ಕಿವಿಯಿಂದ ಹೋಗಲೇ ಇಲ್ಲ. ಅಂಗಡಿಯಲ್ಲಿ ಯಾರಾದರೂ ಏಳನೆಯ ಪೆಂಟೆ ಎತ್ತಿಟ್ಟರೂ ಸಾಕು, ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಈಗ ಹೌಸಾ ಆಜಿ ಮೊಮ್ಮಗಳಿಗೆ ಸಾಂಗಲಿಯ ಅರಿಶಿನ ವ್ಯಾಪಾರಿಯ ಮಗನನ್ನು ನೋಡಿದ್ದರು. ದೀಪಾವಳಿ ಮುಗಿದ ಮೇಲೆ ಬರುತ್ತಾರಂತೆ. ಈ ಸಲ ಆರಕ್ಕೇ ನಿಲ್ಲಬೇಕು. ಇನ್ನೊಮ್ಮೆ ಆ ನಗು ಕೇಳಿದರೆ ತಾನು ಬದುಕುವುದಿಲ್ಲ ಎಂದುಕೊಂಡಿದ್ದಳು ಕೇತಕಿ.

*

ಮೊದಲ ದಿನ ಧೈರ್ಯಶೀಲನ ತಂಗಿ ಮುಕ್ತಾ ಎರಡು ಕೆಂಪು ದಾರ ತಂದಳು. ಒಂದನ್ನು ಕೇತಕಿಯ ಸೊಂಟಕ್ಕೆ ಸುತ್ತಿ, ತುದಿ ಬಂದು ಮುಟ್ಟಿದಲ್ಲಿ ಗುರುತಿಗೆ ಗಂಟು ಹಾಕಿ ಬಿಚ್ಚಿದಳು. ಇನ್ನೊಂದನ್ನು ರಟ್ಟೆಗೆ ಸುತ್ತಿ ಹಾಗೆಯೇ ಗಂಟಿಟ್ಟಳು.

"ಇವನ್ನ ಮನ್ಯಾಗ ಜ್ವಾಕಿ ಮಾಡು. ಆಗಾಗ ಸುತ್ತಿ ನೋಡ್ಕೋ."

"ಇದೇನ ಮಾಟಾನ?"

"ನಮ್ಮ ದಾದಾನ ಕಾಟಾ ಇದು!" ಮುಕ್ತಾ ನಕ್ಕಳು.

ತಕ್ಕಡಿ ಬಿಟ್ಟು ದಾರ ನಂಬುವುದೇ? ಕೇತಕಿ ಅವನ್ನು ಬಳೆಯ ಡಬ್ಬಿಯೊಳಗೆ ತುರುಕಿ ಮರೆತೇಬಿಟ್ಟಳು.

ಊಟದ ವಿಚಾರಣೆ ಧೈರ್ಯಶೀಲನೇ ಮಾಡಿದ.

"ದಿನಾ ಏನೇನು ತಿಂತೀರಿ, ಎಲ್ಲಾ ಹೇಳ್ರಿ."

"ಮುಂಜಾನೆ ಚಹಾ. ಮಧ್ಯಾಹ್ನ ಎರಡು ಭಾಕ್ರಿ, ಪಲ್ಯ. ಸಂಜಿಗೆ ಒಂದು ಭಾಕ್ರಿ. ರವಿವಾರ ಮಟನ್. ಭಾಳ ಏನ್ ತಿನ್ನಂಗಿಲ್ಲ ನಾ!"

"ಹಂಗಾದ್ರ ಈಗ ಬಾಯಾಗೇನೈತಿ?"

ಕೇತಕಿ ದವಡೆ ಆಡಿಸುವುದನ್ನು ನಿಲ್ಲಿಸಿದಳು. "ಇದಾ? ಇದು ಬೆಲ್ಲ. ಪೇಟ್ಯಾಗ ಬೆಲ್ಲ ಹರಾಜು ಹಾಕೂ ಲಿಲಾವಿನಿಂದ ಸೀದಾ ಬಂದೆ. ಮಾಲು ಹೆಂಗೈತಿ ಅಂತ ಚೂರು ಮುರದು ಬಾಯಾಗ ಹಾಕಿ ನೋಡಬೇಕಲ್ಲ."

"ಒಂದು ಲಿಲಾವಿಗೆ ಎಷ್ಟು ಸಲ?"

"ಎಷ್ಟು ರಾಶಿ ಇರ್ತಾವೋ ಅಷ್ಟು ಸಲ. ಅದು ತಿನ್ನೂದಲ್ರಿ, ಕೆಲಸ!"

ಮೊದಲ ಬಾರಿಗೆ ಧೈರ್ಯಶೀಲ ನಕ್ಕ. ಗಹಗಹಿಸಿ ಅಲ್ಲ, ಮೀಸೆಯ ತುದಿಯಲ್ಲಿ. ಆ ನಗು ಕೇತಕಿಗೆ ಚುಚ್ಚಲಿಲ್ಲ. ಯಾಕೆ ಚುಚ್ಚಲಿಲ್ಲ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದಳು.

"ಹೊಟ್ಟಿಗೆ ಗೊತ್ತಾಗಂಗಿಲ್ರಿ ಯಾವುದು ಕೆಲಸ, ಯಾವುದು ಊಟ ಅಂತ," ಎಂದಿದ್ದ ಅವನು. "ರುಚಿ ನೋಡಿ ಉಗುಳ್ರಿ. ತಾಟಿನ್ಯಾಗ ಮೊದ್ಲ ಮೊಟ್ಟಿ, ಕಾಳು, ಮಟನ್, ಮಸರು. ಭಾಕ್ರಿ ಆಮ್ಯಾಲ. ರಸ್ಸಾದ ಮ್ಯಾಲಿನ ಎಣ್ಣಿ ತಗದುಬಿಡ್ರಿ. ಉಪವಾಸ ಮಾತ್ರ ಮಾಡಬ್ಯಾಡ್ರಿ. ಹಸಗೊಂಡು ಕುಂತ್ರ ಬೊಜ್ಜಿನ ಜೋಡಿ ಬಲಾನೂ ಹೊಕ್ಕೈತಿ."

ತಾಂಬಡಾ ರಸ್ಸಾದ, ಆ ಕೆಂಪು ಮಟನ್ ಸಾರಿನ, ಮೇಲಿನ ಕೆಂಪೆಣ್ಣೆ ತೆಗೆಯುವುದನ್ನು ನೋಡಿ ಹೌಸಾ ಆಜಿ ಎದೆ ಹಿಡಿದುಕೊಂಡರು.

"ಅಯ್ಯ ಅಂಬಾಬಾಯಿ! ರಸ್ಸಾದ ಜೀವಾನ ತಗದ್ಲಲ್ಲ! ಯಾರವಾ ನಿನಗ ಇದನ್ನ ಕಲಿಸಿದವ?"

"ವಸ್ತಾದ್, ಆಜೀ. ಅವರು ಸಿಹೀನೂ ಮುಟ್ಟಂಗಿಲ್ಲ."

"ಅವಗ ಸಿಹಿ ಸೇರಂಗಿಲ್ಲ, ಎಣ್ಣಿ ಸೇರಂಗಿಲ್ಲ. ಮತ್ತ ಜೀವಂತ ಅದಾನೇನು?"

*

ಮಹಡಿಯ ಹಾಲಿನಲ್ಲಿ ಕೇತಕಿ ಮೊದಲು ಎತ್ತಿದ್ದು ಬರೀ ಬಾರ್. ಎರಡು ಸಲ ಎತ್ತುವಷ್ಟರಲ್ಲಿ ತೊಡೆ ನಡುಗಿದವು. ಮರುದಿನ ಅಂಗಡಿಯ ಮೆಟ್ಟಿಲನ್ನು ಗೋಡೆ ಹಿಡಿದು ಇಳಿದಳು.

ಆದರೆ ಬಿಡಲಿಲ್ಲ. ಕಾಟಾದ ಮುಂದೆ ಹಾದುಹೋಗುವಾಗಲೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದು ಓಡುತ್ತಿದ್ದಳು. ಗೋಡೆಗೆ ಮುಖ ಮಾಡಿ ನಿಂತ ಕಾಟಾ ಕಂಡರೇನು, ಬಿಟ್ಟರೇನು? ಆದರೂ ಆಣೆ ಎಂದರೆ ಆಣೆ. ಪ್ಲೇಟು ಜೋಡಿಸುತ್ತಿದ್ದ ಧೈರ್ಯಶೀಲ ಅದನ್ನು ನೋಡಿ ತಕ್ಷಣ ಬೇರೆ ಕಡೆ ತಿರುಗುತ್ತಿದ್ದ.

ಕಿಲೋ ಲೆಕ್ಕ ಹೇಳಿದರೆ ಅವಳು ಹೆದರುತ್ತಾಳೆಂದು ಅವನು ಅವಳಿಗಾಗಿ ಹೊಸ ಲೆಕ್ಕ ಮಾಡಿದ್ದ.

"ಇವತ್ತು ಮೂರು ಪೆಂಟಿ."

"ಮೂರು ಪೆಂಟಿ ನಾ ನಿದ್ದಿಗಣ್ಣಾಗ ಎತ್ತೀನಿ, ವಸ್ತಾದ್!"

"ಎತ್ರಿ, ನೋಡೋಣು. ಬೆನ್ನು ನೆಟ್ಟಗ. ಉಸರು ಹಿಡೀರಿ."

ಮಳೆಗಾಲ ಕಳೆಯುವ ಹೊತ್ತಿಗೆ ಏನೋ ವಿಚಿತ್ರ ನಡೆಯತೊಡಗಿತು. ಕುಪ್ಪಸದ ನಡು ಸಡಿಲ, ಆದರೆ ತೋಳು ಬಿಗಿ! ಹೊಲಿಗೆಯವಳು ಅಳತೆ ತೆಗೆದು ತಲೆ ಕೆರೆದುಕೊಂಡಳು. "ಒಂದು ಕಡೆ ಒಳಗ ಹಿಡಿ ಅಂತೀ, ಒಂದು ಕಡೆ ಬಿಚ್ಚು ಅಂತೀ. ನೀ ದಪ್ಪ ಆಗಾಕತ್ತೀಯೋ ಸಣ್ಣ ಆಗಾಕತ್ತೀಯೋ?"

ಕೇತಕಿಗೂ ಅದೇ ಕುತೂಹಲ. ಆದರೆ ಕಾಟಾ ಹತ್ತುವಂತಿಲ್ಲವಲ್ಲ!

ಇನ್ನೂ ಒಂದು ಕುತೂಹಲ ಇತ್ತು, ಅದನ್ನು ಯಾರ ಹತ್ತಿರವೂ ಹೇಳುವಂತಿರಲಿಲ್ಲ. ಆ ಮುದುಡಿದ ಕಿವಿ ನೋಡಿದಾಗ ಮುಟ್ಟಬೇಕು ಅನಿಸುವುದು ಯಾಕೆ? ಅವನು 'ಶಾಬಾಸ್' ಅಂದ ದಿನ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಜಗಳವೇ ಬರುವುದಿಲ್ಲ, ಅದು ಯಾಕೆ?

ಒಂದು ಮಧ್ಯಾಹ್ನ ಅವನು ಬಾರಿಗೆ ಪ್ಲೇಟು ಹಾಕುತ್ತಲೇ ಹೋದ. ಹಾಲಿನ ಹೆಂಗಸರೆಲ್ಲ ಸುತ್ತ ನಿಂತರು. ಕೇತಕಿ ಬಗ್ಗಿದಳು, ಹಿಡಿದಳು, ಹಲ್ಲು ಕಚ್ಚಿದಳು. ಬಾರ್ ನೆಲ ಬಿಟ್ಟಿತು. ಮೊಣಕಾಲು ದಾಟಿತು. ನಿಂತಳು!

"ಎಷ್ಟು ಪೆಂಟಿ?" ಉಸಿರಿಲ್ಲದೆ ಕೇಳಿದಳು.

"ಆರು ಪೆಂಟಿ, ಮ್ಯಾಲ ನಾಲ್ಕು ಕಿಲೋ." ಧೈರ್ಯಶೀಲನ ದನಿ ಯಾಕೋ ಮೆತ್ತಗಾಗಿತ್ತು. "ಬಂದ ದಿನ ನೀವು ಹೇಳಿದ್ದ ತೂಕ. ಇವತ್ತು ನಿಮ್ಮನ್ನ ನೀವ ಎತ್ತಿದ್ರಿ."

ಕೇತಕಿಗೆ ಅಳು ಬಂತು. ಎಲ್ಲರೂ ಸೇರಿ ನಕ್ಕಿದ್ದ ಆ ತೂಕವನ್ನು ತನ್ನ ಎರಡು ಕೈಗಳೇ ಎತ್ತಿ ನಿಂತಿದ್ದವು. ಅವಳು ಅವನನ್ನು ನೋಡಿದಳು. ಅವನೂ ನೋಡಿದ. ನೋಡಿದವನು ಬೇಗ ಕಣ್ಣು ಇಳಿಸಲಿಲ್ಲ.

ಅದನ್ನು ಮುಕ್ತಾ ಗಮನಿಸಿದಳು. ಮೆಟ್ಟಿಲಿಳಿಯುವಾಗ ಕೇತಕಿಯ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ಇಲ್ಲಿ ಎಲ್ಲಾರೂ ಅವಗ ಅಣ್ಣ ಅಂದಂಗ ದಾದಾ ಅಂತಾರ. ನೀ ಒಬ್ಬಾಕೀನ ವಸ್ತಾದ್ ಅಂತೀ. ಯಾಕ?"

"ಯಾ... ಯಾಕ ಅಂದ್ರ? ಹಂಗ!"

"ಹಂಗಾ! ಇನ್ನೊಂದು ಹೇಳ್ಲಿ? ನಿನ್ನ ಸಾಂಗಲಿ ಮದುವಿ ನಿಂತ್ರ ನಮ್ಮ ದಾದಾಗ ಏನ್ ಭಾಳ ದುಃಖ ಆಗಂಗಿಲ್ಲ ಬಿಡು."

ಕೇತಕಿಯ ಕೆನ್ನೆ ಬಿಸಿಯಾದವು. ಆ ರಾತ್ರಿ ಆ ಮಾತನ್ನು ಎಷ್ಟು ಸಲ ನೆನೆದು ನಕ್ಕಳೋ! ಅದೇ ಮಾತು ಮುಂದೆ ವಿಷವಾಗುತ್ತದೆಂದು ಅವಳಿಗೇನು ಗೊತ್ತು?

*

ಸಾಂಗಲಿಯವರು ದಿನ ಗೊತ್ತುಮಾಡಿ ಹೇಳಿಕಳಿಸಿದರು. ನಿಶ್ಚಿತಾರ್ಥ, ತುಲಾ, ಎಲ್ಲ ಹತ್ತಿರವೇ ಬಂತು!

ಕೇತಕಿ ತಾಲೀಮಿಗೆ ಹೋಗಿ ಸುದ್ದಿ ಹೇಳಿದಳು. ಹೇಳಿ ಅವನ ಮುಖವನ್ನೇ ನೋಡಿದಳು. ಏನಾದರೂ ಹೇಳು... ಒಂದೇ ಒಂದು ಮಾತು ಹೇಳು!

"ಚಲೋ ಆತು," ಎಂದ ಧೈರ್ಯಶೀಲ. ಎಂದಿಗಿಂತ ನಿಧಾನವಾಗಿ ಪ್ಲೇಟುಗಳನ್ನು ಜೋಡಿಸಿದ.

ಅಷ್ಟೇನಾ? ಹಾಗಾದರೆ ಮುಕ್ತಾ ಹೇಳಿದ್ದು ಬರೀ ತಮಾಷೆಯೇ?

"ವಸ್ತಾದ್, ಈಗಾದ್ರೂ ಕಾಟಾ ಹತ್ಲೇನು?"

"ಇಷ್ಟು ದಿನ ತಡದೀರಿ. ತುಲಾ ಮುಗೀಲಿ."

ತುಲಾ ಮುಗಿದ ಮೇಲೆ ನೋಡಿ ಏನು ಪ್ರಯೋಜನ? ಮರುದಿನ ಗೋಡೌನಿನಲ್ಲಿ ಯಾರೂ ಇಲ್ಲದಾಗ, ಬೆಲ್ಲ ತೂಗುವ ಕಾಟಾದ ಮುಂದೆ ನಿಂತಳು. ಮನಸ್ಸಿನಲ್ಲೇ ಬೆಲ್ಲದ ಕ್ಷಮೆ ಕೇಳಿ ಹತ್ತಿಬಿಟ್ಟಳು.

ಅರವತ್ಮೂರು.

ಇಳಿದಳು. ಮತ್ತೆ ಹತ್ತಿದಳು. ಬಳೆ, ಚಪ್ಪಲಿ ತೆಗೆದಿಟ್ಟು ಹತ್ತಿದಳು. ಅರವತ್ಮೂರೇ!

ಕಾಟಾ ಸುಳ್ಳು ಹೇಳುವುದಿಲ್ಲ. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಮಾತದು. ಹಾಗಾದರೆ ಸುಳ್ಳು ಹೇಳಿದವರು ಯಾರು? ಕಾಟಾ ಹತ್ತಬೇಡ ಎಂದು ಆಣೆ ಮಾಡಿಸಿದ್ದು ಯಾಕೆ? ತುಲಾ ಮುಗಿಯುವ ತನಕ ನೋಡಬೇಡ ಎಂದದ್ದು ಯಾಕೆ? 'ಮದುವಿ ನಿಂತ್ರ ದುಃಖ ಆಗಂಗಿಲ್ಲ'... ಅಯ್ಯೋ!

ಹೆಂಗಸರು ತುಂಬಿದ್ದ ಹಾಲಿಗೆ ಅವಳು ಬಿರುಗಾಳಿಯಂತೆ ನುಗ್ಗಿದಳು.

"ಒಂದು ಕಿಲೋ! ಇಷ್ಟು ತಿಂಗಳು ಬೆವರು ಸುರಿಸಿ ಬರೇ ಒಂದು ಕಿಲೋ!"

ಧೈರ್ಯಶೀಲ ಪ್ಲೇಟು ಹಿಡಿದ ಕೈ ಹಾಗೇ ನಿಲ್ಲಿಸಿದ. "ಕಾಟಾ ಹತ್ತಿದ್ರೇನು? ದಾರ ನೋಡಿದ್ರೋ ಇಲ್ಲೋ?"

"ದಾರ! ಮತ್ತ ದಾರ! ನನ್ನನ್ನೇನು ಮಳ್ಳಿ ಅನಕೊಂಡೀರಿ? ಮತ್ತ ಅದ ತಕ್ಕಡ್ಯಾಗ ಕೂಡಬೇಕು, ಮತ್ತ ಏಳನೇ ಪೆಂಟಿ ಇಡಬೇಕು, ಎಲ್ಲಾರೂ ನಗಬೇಕು, ಸಂಬಂಧ ಮುರೀಬೇಕು. ಅದ ಬೇಕಾಗಿತ್ತಲ್ಲ ನಿಮಗ? ನಿಮ್ಮ ಮನಸಿನ್ಯಾಗ ಏನೈತಿ ಅಂತ ನಂಗ ಗೊತ್ತಿಲ್ಲೇನು!"

ಹಾಲಿನ ಹೆಂಗಸರೆಲ್ಲ ಬಾರ್ ಕೆಳಗಿಟ್ಟು ಈ ಕಡೆ ತಿರುಗಿದರು.

ಇಲ್ಲ ಅನ್ನು... ಜಗಳ ಆಡು... ಕೇತಕಿಯ ಮನಸ್ಸು ಒಳಗೇ ಕೂಗುತ್ತಿತ್ತು.

ಅವನು ಇಲ್ಲ ಅನ್ನಲಿಲ್ಲ. ಪ್ಲೇಟನ್ನು ಸದ್ದಾಗದಂತೆ ನೆಲಕ್ಕಿಟ್ಟು, ಅವಳನ್ನು ದಾಟಿ, ಮೆಟ್ಟಿಲಿಳಿದು ಹೋದ.

*

ಕೇತಕಿ ತಾಲೀಮು ಬಿಟ್ಟಳು. ಊಟವನ್ನೂ ಬಿಟ್ಟಳು. ನಿಂಬೆ ನೀರು, ಒಂದು ಸೌತೆಕಾಯಿ, ಮತ್ತೆ ನಿಂಬೆ ನೀರು. ಆಜಿ ಅತ್ತು ಕರೆದರೂ ತಾಟಿನ ಮುಂದೆ ಕೂರಲಿಲ್ಲ. ದಿನಾ ಮುಂಜಾನೆ ಕಾಟಾ ಹತ್ತುವಳು. ಅಂಕಿ ಇಳಿಯತೊಡಗಿತು! ಅರವತ್ತೊಂದಕ್ಕೆ ಬಂದ ದಿನ ಗೆದ್ದೆ ಅನಿಸಬೇಕಿತ್ತು. ಯಾಕೋ ಅನಿಸಲಿಲ್ಲ. ಕಣ್ಣು ಕತ್ತಲೆ ಬರುತ್ತಿತ್ತು, ಮನಸ್ಸು ಖಾಲಿಯಾಗಿತ್ತು.

ಅವತ್ತು ಅಂಗಡಿಗೆ ದೂರದ ಗಿರಾಕಿಯೊಬ್ಬರು ಬಂದರು. ಎರಡು ಪೆಂಟೆ ತೋರಿಸಿ ತಕರಾರು ತೆಗೆದರು.

"ಇದು ದೊಡ್ಡದೈತಿ, ಇದು ಸಣ್ಣದೈತಿ. ಎರಡಕ್ಕೂ ಹತ್ತು ಕಿಲೋ ಅಂದ್ರ ಹೆಂಗವ್ವಾ?"

ಈ ಪ್ರಶ್ನೆಗೆ ಕೇತಕಿ ಸಾವಿರ ಸಲ ಉತ್ತರ ಕೊಟ್ಟಿದ್ದಳು. ಬಾಯಿ ತಾನಾಗಿಯೇ ಶುರುಮಾಡಿತು.

"ಕಾಟಾಕ್ಕ ಎರಡೂ ಒಂದ ರೀ, ಕಾಕಾ. ದೊಡ್ಡದು ಉಬ್ಬಿದ ಮಾಲು, ಒಳಗ ಬರೇ ಪೊಳ್ಳು. ಸಣ್ಣದು ಗಟ್ಟಿ ಐತಿ. ತೂಕ ನೋಡಿ ಮೋಸ ಹೋಗಬ್ಯಾಡ್ರಿ. ತೂಕ ಒಂದ, ಆದ್ರ ಒಳಗಿಂದು ಬ್ಯಾರೆ..."

ಕೇತಕಿಯ ಮಾತು ಅಲ್ಲಿಗೇ ನಿಂತಿತು.

ಕಾಟಾಕ್ಕ ಎರಡೂ ಒಂದ.

ಎಲ್ಲಿ ಕೇಳಿದ್ದಳು ಇದನ್ನು? ಮೊದಲ ದಿನ... ಅವನ ಬಾಯಲ್ಲಿ!

"ಗಟ್ಟೀದ ಕೊಡವಾ ಹಂಗಾದ್ರ," ಎಂದರು ಗಿರಾಕಿ. ಕೇತಕಿ ಎತ್ತಲು ಹೋದಳು. ಬರೀ ಒಂದು ಪೆಂಟೆ! ಸೊಂಟದ ತನಕ ಬಂದದ್ದು ಕೈ ಜಾರಿ ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಇದೇ ಕೈ ಅಲ್ಲವೇ ಆರು ಪೆಂಟೆ ಎತ್ತಿದ್ದು? ಉಪವಾಸದಲ್ಲಿ ತಾನು ಕಳೆದುಕೊಂಡ ಎರಡು ಕಿಲೋ ಏನು ಎಂದು ಅವಳಿಗೆ ಈಗ ಗೊತ್ತಾಯಿತು.

ಅಂಗಡಿಯ ಹಿಂದಿದ್ದ ಮನೆಗೆ ಓಡಿದಳು. ಬಳೆಯ ಡಬ್ಬಿ ಬೋರಲು ಹಾಕಿದಳು. ಸೊಂಟದ ದಾರ ಸುತ್ತಿದರೆ ಗಂಟು ದಾಟಿ ನಾಲ್ಕು ಬೆರಳು ಹೆಚ್ಚಿಗೆ ಬಂತು! ರಟ್ಟೆಯ ದಾರ ಸುತ್ತಿದರೆ ತುದಿ ಗಂಟನ್ನು ಮುಟ್ಟಲೇ ಇಲ್ಲ. ಇಷ್ಟು ತಿಂಗಳು ಕೈಗೆ ಸಿಗುವ ಜಾಗದಲ್ಲೇ ಇತ್ತು ಉತ್ತರ. ಅವಳೇ ಬಿಚ್ಚಿ ನೋಡಿರಲಿಲ್ಲ.

"ಆಜೀ!" ಎಂದು ಕೂಗಿದಳು. "ತಾಟು ಹಚ್ಚು! ಮಟನ್ ಹಾಕು!"

"ಅಂಬಾಬಾಯಿ ಕಣ್ಣು ತಗದ್ಲು!" ಆಜಿ ಬಿದ್ದಂಬೀಳ ಅಡುಗೆಮನೆಗೆ ಓಡಿದರು.

*

ಹಾಲಿನಲ್ಲಿ ಮುಕ್ತಾ ಒಬ್ಬಳೇ ನಿಂತು ಹೆಂಗಸರಿಗೆ ಕಲಿಸುತ್ತಿದ್ದಳು.

"ವಸ್ತಾದ್ ಎಲ್ಲಿ?"

"ಮ್ಯಾಲ ಬರೂದ ಬಿಟ್ಟಾನ. ಇನ್ನ ಹೆಣ್ಮಕ್ಕಳ ಹೊತ್ತು ನಂದ." ಮುಕ್ತಾಳ ಮುಖದಲ್ಲಿ ಮೊದಲಿನ ತುಂಟತನ ಇರಲಿಲ್ಲ. "ನೀ ಅಂದದ್ದಕ್ಕ ಸಿಟ್ಟು ಬಂತೇನು ಅಂತ ಕೇಳಿದೆ. ಸಿಟ್ಟಿಲ್ಲ, ಆಕಿ ಹೇಳಿದ್ದರಾಗ ಅರ್ಧ ಖರೇ ಐತಿ, ಅದಕ್ಕ ನಾ ಅಲ್ಲಿ ನಿಂದರಬಾರದು ಅಂದ."

ಅರ್ಧ ಖರೇ... ಯಾವ ಅರ್ಧ?

ಕೇತಕಿ ಮೆಟ್ಟಿಲಿಳಿದಳು. ಅಖಾಡದಲ್ಲಿ ಧೈರ್ಯಶೀಲ ಒಬ್ಬನೇ ಇದ್ದ. ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಸಲಿಕೆಯಿಂದ ತಿರುವುತ್ತಿದ್ದ. ಹೆಂಗಸರು ಆ ಮಣ್ಣು ತುಳಿಯುವುದಿಲ್ಲ. ಅವಳು ಕಟ್ಟೆಯ ಅಂಚಿನಲ್ಲಿ ನಿಂತಳು.

"ಮುಕ್ತಾ ಮ್ಯಾಲ ಅದಾಳ್ರಿ," ಎಂದ ತಲೆ ಎತ್ತದೆ.

"ಆಕೀನ್ನ ನೋಡೇ ಬಂದೀನಿ. ದಾರಾನೂ ನೋಡಿ ಬಂದೀನಿ."

ಸಲಿಕೆ ನಿಂತಿತು.

"ನೀವು ಮೋಸ ಮಾಡಿದ್ರಿ ಅಂದೆ. ಅದು ಸುಳ್ಳು. ಹತ್ತು ಮಂದಿ ಮುಂದ ಅಂದೀನಿ, ಆ ಹತ್ತು ಮಂದಿ ಮುಂದನ ತಪ್ಪಾತು ಅಂತೀನಿ." ಅವಳು ಕಟ್ಟೆಯ ಮೇಲೆ ಕೂತಳು. "ಇನ್ನರ್ಧ ಖರೇನೋ ಸುಳ್ಳೋ... ಅದನ್ನ ನೀವ ಹೇಳ್ಬೇಕು."

ಅವನು ಸಲಿಕೆಯನ್ನು ಮಣ್ಣಿಗೆ ಚುಚ್ಚಿ ನಿಲ್ಲಿಸಿದ.

"ಖರೇ," ಎಂದ. "ಗ್ವಾಡಿಗೆ ಮುಖ ಮಾಡಿದ ಕಾಟಾ ಕಂಡ್ರೂ ಕಣ್ಣಿಗೆ ಕೈ ಅಡ್ಡ ಹಿಡದು ಓಡ್ತಿದ್ರಲ್ಲ... ಅವತ್ತಿಂದ ಖರೇ."

"ಮತ್ತ ಸಾಂಗಲಿ ಸುದ್ದಿ ಹೇಳಿದಾಗ ಚಲೋ ಆತು ಅಂದ್ರಿ!"

"ಮತ್ತೇನನ್ನಲಿ? ಊರ ಮಂದಿ ನಮ್ಮನ್ನ ನಂಬಿ ಹೆಣ್ಮಕ್ಕಳನ್ನ ಕಳಸ್ತಾರ. ಮ್ಯಾಲ ನಿಂತು ಕಲಸ್ತಾ ಒಬ್ಬಾಕಿ ಮ್ಯಾಲ ಮನಸಿಟ್ರ ನಾ ಎಂಥಾ ವಸ್ತಾದ?"

"ಈಗ ಕೆಳಗ ಅದೀರಲ್ಲ!"

ಧೈರ್ಯಶೀಲ ತಲೆ ಎತ್ತಿದ.

"ಈಗ ನೀವು ನನ್ನ ವಸ್ತಾದ ಅಲ್ಲ. ಈಗ ಹೇಳಬಹುದಲ್ಲ?"

ಅವನ ಕೈಯೆಲ್ಲ ಕೆಂಪು ಮಣ್ಣು. ಮುಖವೂ ಈಗ ಅದೇ ಬಣ್ಣಕ್ಕೆ ತಿರುಗಿತು.

"ನಾ ಪೇಟಿ ಮನಿತನದವ ಅಲ್ಲ ಕೇತಕೀ. ಇದ್ದದ್ದು ಇಷ್ಟ, ಈ ಮಣ್ಣು, ಆ ಕಬ್ಬಿಣ. ನೀ ಹೂಂ ಅಂದ್ರ ನಾಳೆ ನಿಮ್ಮ ಬಾಬಾರ ಮುಂದ ಬಂದು ನಿಂದರ್ತೀನಿ."

'ನೀ' ಅಂದ! ಕೇತಕಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಒಂದು ಕೇಳ್ತೀನಿ. ನಮ್ಮ ಮನ್ಯಾಗ ತುಲಾ ಆಗ್ತೈತಿ. ಮತ್ತ ಏಳು ಪೆಂಟಿನ ಬೇಕಾಗ್ತಾವ. ಆಗ ನಗ್ತೀಯೇನು?"

"ನಗ್ತೀನಿ," ಎಂದ ಅವನು. ಅವಳ ಮುಖ ಸಣ್ಣಗಾಯಿತು. "ಏಳನೇದನ್ನ ನೀನ ಎತ್ತಿ ಇಟ್ರ, ಖುಷಿಗೆ ನಗ್ತೀನಿ."

*

ಧೈರ್ಯಶೀಲ ಬಂದು ಕೇಳಿದ ಮೇಲೆ ಕೇತಕಿಯ ತಂದೆ, ಬಾಬಾ, ಎರಡು ದಿನ ಅಂಗಡಿಗೇ ಹೋಗಲಿಲ್ಲ. ಸಾಂಗಲಿಯವರಿಗೆ ಏನು ಹೇಳುವುದು ಎಂದು ತಲೆ ಮೇಲೆ ಕೈಹೊತ್ತು ಕೂತರು. ಕೊನೆಗೆ ದಾರಿ ಮಾಡಿದವರು ಹೌಸಾ ಆಜಿ.

"ಅರಿಶಿನ ಬೇಕಾದ್ರ ಸಾಂಗಲಿಯಿಂದ ಕೊಂಡು ತರೂಣು. ಅದಕ್ಕ ಹುಡುಗೀನ್ನ ಯಾಕ ಕೊಡಬೇಕು? ನನ್ನ ಮೊಮ್ಮಗಳು ಉಪವಾಸ ಬಿದ್ದಿದ್ಲು. ಆ ಹುಡುಗನ ಹೆಸರಿಗೆ ಎದ್ದು ಮಟನ್ ಉಂಡ್ಲು. ನಂಗಷ್ಟ ಸಾಕು!"

ಆಮೇಲೆ ಕೇತಕಿಯ ಕಡೆ ತಿರುಗಿ, "ಆದ್ರ ಒಂದು ಚಿಂತಿ. ಸಿಹಿ ತಿನ್ನಂಗಿಲ್ಲದವ ಬೆಲ್ಲದ ಮನಿ ಅಳಿಯ ಹೆಂಗ ಆಗ್ತಾನ?" ಎಂದರು.

ಸಾಂಗಲಿಗೆ ಬಾಬಾ ತಾವೇ ಹೋಗಿ ಕೈಮುಗಿದು ಬಂದರು. ಧೈರ್ಯಶೀಲನ ಮನೆಯವರ ಜೊತೆ ಹೊಸ ದಿನ ಗೊತ್ತಾಯಿತು.

ಅದೇ ಪಡಸಾಲೆ, ಅದೇ ತಕ್ಕಡಿ, ಅದೇ ಹಸಿರು ಪೈಠಣಿ. ಕೇತಕಿ ತಟ್ಟೆಯಲ್ಲಿ ಕೂತಳು. ಒಂದು, ಎರಡು, ಮೂರು... ಆರನೆಯ ಪೆಂಟೆಯೂ ಬಂತು. ತಟ್ಟೆ ನೆಲ ಬಿಡಲಿಲ್ಲ.

ಅಂದಿನ ನಗು ಎಲ್ಲರಿಗೂ ನೆನಪಿತ್ತು. ಬಾಬಾ ತಲೆ ತಗ್ಗಿಸಿದರು. ಆಜಿ ಸೆರಗಿನ ತುದಿ ಬಾಯಿಗೆ ಹಿಡಿದರು. ಏಳನೆಯದನ್ನು ತರಲು ಯಾರಿಗೂ ಕಾಲು ಬರಲಿಲ್ಲ.

ಕೇತಕಿ ಧೈರ್ಯಶೀಲನನ್ನು ನೋಡಿದಳು. ಅವನು ನಗುತ್ತಿರಲಿಲ್ಲ. ಕಾಯುತ್ತಿದ್ದ.

"ಇನ್ನೊಂದು ಪೆಂಟಿ ತರ್ರಿ!" ಕೇತಕಿಯ ದನಿ ಪಡಸಾಲೆಯೆಲ್ಲ ತುಂಬಿತು. "ಯಾರೂ ಏಳಂಗಿಲ್ಲೇನು? ಬಿಡ್ರಿ, ನಾನ ತರ್ತೀನಿ!"

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಎದ್ದೇಬಿಟ್ಟಳು. ಆ ಕಡೆಯ ಬೆಲ್ಲದ ತಟ್ಟೆ ಧಡ್ ಎಂದು ನೆಲಕ್ಕೆ ಕೂತಿತು. ಕೇತಕಿ ಮೂಲೆಗೆ ನಡೆದು, ಬೆನ್ನು ನೆಟ್ಟಗೆ ಮಾಡಿ, ಉಸಿರು ಹಿಡಿದು, ಏಳನೆಯ ಪೆಂಟೆಯನ್ನು ಹೂವಿನ ಬುಟ್ಟಿಯಂತೆ ಎತ್ತಿ ತಂದು ಉಳಿದವುಗಳ ಮೇಲಿಟ್ಟಳು. ಬಾಬಾ ಅವಳ ತಟ್ಟೆ ಒತ್ತಿ ಹಿಡಿದರು. ಕೂತಳು. ಅವರು ಕೈ ಬಿಟ್ಟೊಡನೆ ತಟ್ಟೆ ಅವಳನ್ನು ಹೊತ್ತು ಮೇಲಕ್ಕೆದ್ದು ತೂಗಾಡಿತು!

ಮೊದಲು ನಕ್ಕವನು ಧೈರ್ಯಶೀಲ. ತಲೆ ಹಿಂದಕ್ಕೆ ಚೆಲ್ಲಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಆಜಿ, ಮುಕ್ತಾ, ಬಾಬಾ, ಇಡೀ ಮನೆ. ಎಲ್ಲರಿಗಿಂತ ಜೋರಾಗಿ ಮೇಲೆ ಕೂತವಳ ನಗು ಕೇಳುತ್ತಿತ್ತು.

ಬೆಲ್ಲ ಹಂಚುವ ಗದ್ದಲದಲ್ಲಿ ಕೇತಕಿ ಒಂದು ಚೂರು ಮುರಿದುಕೊಂಡು ಅವನ ಹತ್ತಿರ ಬಂದಳು.

"ಬಾಯಿ ತಗೀ."

"ಕೇತಕೀ, ನಾ ಸಿಹಿ..."

"ತಿನ್ನಂಗಿಲ್ಲ, ಗೊತ್ತೈತಿ." ಅವಳು ಬೆಲ್ಲವನ್ನು ಅವನ ತುಟಿಗೆ ಹಿಡಿದಳು. "ಇದು ತಿನ್ನೂದಲ್ಲ, ಕೆಲಸ. ಮಾಲು ಹೆಂಗೈತಿ ಹೇಳು."

ಅವನು ಬಾಯಿ ತೆರೆದ. ಬೆಲ್ಲ ಕರಗುವ ತನಕ ಅವಳನ್ನೇ ನೋಡಿದ.

"ಗಟ್ಟಿ ಐತಿ," ಎಂದ ಮೆಲ್ಲಗೆ. "ಜಲ್ಮಕ್ಕಾಗೂವಷ್ಟು."

"ಉಗುಳಂಗಿಲ್ಲ ಮತ್ತ!"

"ಬೆಲ್ಲದ ಆಣಿ," ಎಂದ ಧೈರ್ಯಶೀಲ.